ಫ್ಲಾಸ್ಕ್ ಇದ್ದ ಜಾಗ

ಫೆಬ್ರವರಿ 3, ಸೋಮವಾರ

ಡಾಕ್ಟರು ನನ್ನ ಬಾಯಿಗೆ ಬೀಗ ಜಡಿದು ಕೀಲಿಕೈ ತಮ್ಮ ಜೇಬಿಗೆ ಹಾಕಿಕೊಂಡಿದ್ದಾರೆ.

ಗಂಟಲಿನ ಗಂಟು ತೆಗೆಸಲು ಹೋಗಿ ಮನೆಯಲ್ಲಿದ್ದ ಗಂಟು ಕರಗಿತು. ಇದು ಎರಡನೇ ಸಲ. ಮೊದಲ ಸಲ ಕೊಯ್ದಾಗ ಹದಿನೈದು ದಿನ ಸುಮ್ಮನಿರಿ ಎಂದಿದ್ದರು. ನಾನು ವಾರ ತುಂಬುವ ಮೊದಲೇ ಒಂದು ಕಚೇರಿಯ ಬೀಳ್ಕೊಡುಗೆ ಸಮಾರಂಭಕ್ಕೆ ಹೋಗಿ ಮೈಕು ಹಿಡಿದೆ. ನಿವೃತ್ತರಾಗಬೇಕಿದ್ದ ಮ್ಯಾನೇಜರಿಗಿಂತ ಮೊದಲು ನನ್ನ ಧ್ವನಿ ನಿವೃತ್ತವಾಯಿತು. ಆದ್ದರಿಂದ ಈ ಸಲ ಅವಧಿಯೇ ಇಲ್ಲದ ಶಿಕ್ಷೆ: "ನಾನು ಹೇಳೋ ತನಕ ಒಂದಕ್ಷರ ಆಡಬೇಡಿ. ಪಿಸುಗುಟ್ಟೋದಂತೂ ಬೇಡವೇ ಬೇಡ, ಅದು ಇನ್ನೂ ಕೆಟ್ಟದ್ದು."

ಸಮಾರಂಭಗಳ ನಿರೂಪಕಿಗೆ ದನಿ ಹೋಯಿತೆಂದರೆ ಧನವೂ ಹೋಯಿತು ಎಂದೇ ಲೆಕ್ಕ. ಗಣ್ಯರನ್ನು ವೇದಿಕೆಗೆ ಆಹ್ವಾನಿಸಿ ಆಹ್ವಾನಿಸಿ ಹೊಟ್ಟೆ ಹೊರೆದವಳು ನಾನು. ಈಗ ನಮ್ಮ ಮನೆಗೆ ಊಟವನ್ನು ಆಹ್ವಾನಿಸುವವರಿಲ್ಲ.

ಅತ್ತೆ ಸಮಾಧಾನ ಮಾಡಿದರು. "ನೀನು ಮದುವೆಯಾಗಿ ಬಂದ ಹೊಸದರಲ್ಲಿ ಇವಳ ಬಾಯಿ ಕಟ್ಟಪ್ಪಾ ಅಂತ ದೇವರಲ್ಲಿ ಬೇಡಿಕೊಂಡಿದ್ದೆ ಕಣೇ. ಎಷ್ಟು ತಡ ಮಾಡಿ ಕೊಟ್ಟ ನೋಡು." ಹೇಳಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮಗ ಹೋದ ಮೇಲೆ ಅವರಿಗೆ ಉಳಿದಿರುವುದು ಈ ಬಾಯಿಬಡುಕಿ ಸೊಸೆ ಮತ್ತು ಮೂರನೇ ಕ್ಲಾಸಿನ ಮೊಮ್ಮಗಳು. ನಾನು ಚೀಟಿಯಲ್ಲಿ ಬರೆದದ್ದನ್ನು ಮಗಳು ಗಟ್ಟಿಯಾಗಿ ಓದುತ್ತಾಳೆ, ಅತ್ತೆ ಉತ್ತರ ಕೊಡುತ್ತಾರೆ. ಮಗಳು ನನ್ನ ಬೈಗುಳಗಳನ್ನು ನನಗಿಂತ ಸೊಗಸಾಗಿ ಓದುತ್ತಾಳೆ.

ಮಾತು ಹೊರಗೆ ಹೋಗದಿದ್ದರೆ ಒಳಗೆ ಕೊಳೆಯುತ್ತದೆ. ಅದಕ್ಕೇ ಈ ದಿನಚರಿ.

ಫೆಬ್ರವರಿ 6, ಗುರುವಾರ

ಇಂದು ಹೋದೆ.

ಸರ್ಕಾರದ ಉಚಿತ ಆಹಾರದ ಚೀಲ ಕೊಡುವುದು ಹಳೆಯ ಈಜುಕೊಳದ ಕಟ್ಟಡದಲ್ಲಿ. ಕೊಳ ಬತ್ತಿ ಎಷ್ಟೋ ವರ್ಷವಾಗಿದೆ. ಟಿಕೆಟ್ ಕಿಟಕಿಯ ಹಿಂದೆ ಒಬ್ಬ ಕೂತು ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಇರುವ ಚೀಲವನ್ನು ಹೊರಗೆ ತಳ್ಳುತ್ತಾನೆ. ಅವನಿಗೆ ಟಿಕೆಟ್‌ರಾಯ ಎಂದು ನಾಮಕರಣ ಮಾಡಿದ್ದೇನೆ. ಅವನ ತಲೆಯ ಮೇಲೆ ಇಂದಿಗೂ ಹಳೆಯ ಫಲಕವಿದೆ: "ಈಜು ಬಾರದವರು ಆಳಕ್ಕೆ ಇಳಿಯಬಾರದು." ನಾನು ಇಳಿದೇಬಿಟ್ಟೆ.

ಸಾಲು ನೋಡಿ ನಗು ಬಂತು. ಫುಟ್‌ಪಾತಿನ ಮೇಲೆ ಮನುಷ್ಯರೇ ಇರಲಿಲ್ಲ. ಒಂದು ಇಟ್ಟಿಗೆ, ಮುರಿದ ಛತ್ರಿ, ಸ್ಟೀಲ್ ಫ್ಲಾಸ್ಕು, ಎಣ್ಣೆ ಡಬ್ಬಿ, ಒಂಟಿ ಚಪ್ಪಲಿ, ನಿಂತುಹೋದ ಗೋಡೆ ಗಡಿಯಾರ, ಒಂದರ ಹಿಂದೆ ಒಂದು, ಶಾಲೆಯ ಮಕ್ಕಳಿಗಿಂತ ಶಿಸ್ತಾಗಿ ನಿಂತಿದ್ದವು. ಬೆಳಿಗ್ಗೆ ಬಂದು ತಮ್ಮ ವಸ್ತು ಇಟ್ಟು ಜನ ಕೆಲಸಕ್ಕೋ ನೆರಳಿಗೋ ಹೋಗುತ್ತಾರೆ. ಕಿಟಕಿ ತೆರೆಯುವ ಹೊತ್ತಿಗೆ ಬಂದು ಅದರ ಹಿಂದೆ ನಿಲ್ಲುತ್ತಾರೆ. ಯಾರಾದರೂ ಒಂದು ವಸ್ತು ತೋರಿಸಿ "ಇಲ್ಲಿ ಜನ ಇದ್ದಾರಾ?" ಎಂದು ಕೇಳಿದರೆ, ಅಕ್ಕಪಕ್ಕದವರು "ಇದ್ದಾರೆ" ಎನ್ನಬೇಕು. ಅಲ್ಲಿಗೆ ಮುಗಿಯಿತು. ಒಂಟಿ ಚಪ್ಪಲಿಗೆ ಇಲ್ಲಿ ಸಿಗುವ ಮರ್ಯಾದೆ ನನಗೆ ವೇದಿಕೆಯ ಮೇಲೂ ಸಿಕ್ಕಿಲ್ಲ.

ನಾನು ಏನಿಡಲಿ? ಕೈಚೀಲದಲ್ಲಿ ತಡಕಾಡಿದರೆ ಒಂದು ಸ್ಮರಣಿಕೆ ಸಿಕ್ಕಿತು. "ಅತ್ಯುತ್ತಮ ನಿರೂಪಕಿ", ಕೆಳಗೆ ನನ್ನ ಹೆಸರು. ಹಳೇ ಸಾಮಾನಿನ ಅಂಗಡಿಯವನು ಬೇಡವೆಂದಿದ್ದ. ಬರಹವನ್ನು ನೆಲಕ್ಕೆ ಮಾಡಿ ಬೋರಲು ಇಟ್ಟೆ. ಇಷ್ಟು ವರ್ಷದಲ್ಲಿ ಆ ಸ್ಮರಣಿಕೆ ಮೊದಲ ಬಾರಿಗೆ ಒಂದು ವಿಷಯ ನೆನಪಿಟ್ಟುಕೊಂಡಿತು: ನನ್ನ ಜಾಗ.

ಇಟ್ಟಿಗೆಯ ಒಡತಿ ಆ ಸಾಲಿನ ಯಜಮಾನಿ. ಎಲ್ಲರಿಗೂ ಇಟ್ಟಿಗೆ ಅಕ್ಕ. "ಹೊಸಬಳೇನಮ್ಮಾ?" ಎಂದಳು. ನಾನು ಗಂಟಲು ಮುಟ್ಟಿ ಕೈಯಾಡಿಸಿದೆ. "ಅಯ್ಯೋ, ಮೂಗಿ ಪಾಪ" ಎಂದಳು. ಅಲ್ಲ ಎಂದು ಬರೆದು ತೋರಿಸಬಹುದಿತ್ತು. ಚೀಟಿ, ಪೆನ್ನು ಎರಡೂ ಇದ್ದವು. ಆದರೆ ಈ ಊರಿನಲ್ಲಿ ನನ್ನನ್ನು ಗುರುತು ಹಿಡಿಯುವುದು ಮುಖದಿಂದಲ್ಲ, ದನಿಯಿಂದ. ಮೂಗಿಯಾಗಿದ್ದರೆ ನಾನು ಯಾರೂ ಅಲ್ಲ. ಅದೇ ಒಳ್ಳೆಯದು.

ಛತ್ರಿಯವನೊಬ್ಬ ನನ್ನ ಜರಿಯಂಚಿನ ಬಟ್ಟೆ ನೋಡಿ, "ಸೀದಾ ಸನ್ಮಾನ ಮುಗಿಸ್ಕೊಂಡೇ ಬಂದಂಗಿದೆ" ಎಂದ. ನನ್ನ ಬೀರುವಿನಲ್ಲಿ ಇರುವುದೆಲ್ಲ ವೇದಿಕೆಯ ಬಟ್ಟೆಯೇ. ಹೇಳುವುದಾದರೂ ಹೇಗೆ? ನಕ್ಕೆ. ನನಗಿದು ಒಂದೆರಡು ವಾರದ ಮಾತು. ಉಳಿದವರಿಗೆ ಅಭ್ಯಾಸವಾದಂತಿದೆ.

ಫೆಬ್ರವರಿ 13, ಗುರುವಾರ

ಬಡ್ತಿ ಸಿಕ್ಕಿತು. ಇನ್ನು ಮುಂದೆ ಸಾಲು ಕಾಯುವವಳು ನಾನು.

ಮೊದಲು ಕಾಯುತ್ತಿದ್ದವನು ಜಗಳಗಂಟನಂತೆ. ಇಟ್ಟಿಗೆ ಅಕ್ಕ ತೀರ್ಪು ಕೊಟ್ಟಳು: "ಮೂಗಿ ಕೂರ್ಲಿ. ಮಾತಿಲ್ಲ, ಕತೆಯಿಲ್ಲ, ಚಾಡಿಯಿಲ್ಲ." ಎಲ್ಲರೂ ಒಪ್ಪಿದರು. ಜೀವಮಾನವೆಲ್ಲ ಮಾತಿಗಾಗಿ ಆಯ್ಕೆಯಾದವಳು ಮೌನಕ್ಕಾಗಿ ಆಯ್ಕೆಯಾದೆ. ಈಜುಕೊಳದ ಮೆಟ್ಟಿಲ ಮೇಲೆ ಕೂತು ವಸ್ತುಗಳನ್ನು ಗಣ್ಯರಂತೆ ಒಪ್ಪಿಸಿಕೊಂಡೆ. ಮೊದಲನೆಯದಾಗಿ ಇಟ್ಟಿಗೆಯವರು, ಅನಂತರ ಛತ್ರಿಯವರು, ಅವರ ಎಡಕ್ಕೆ ಫ್ಲಾಸ್ಕಿನವರು.

ಫ್ಲಾಸ್ಕಿನ ಒಡತಿಯನ್ನು ಇವತ್ತು ಕಣ್ಣಾರೆ ಕಂಡೆ. ಬಂದಳು. ಯಾವುದರಲ್ಲಿ? ಕಾರಿನಲ್ಲಿ! ನೀಲಿ ಕಾರು, ತಿರುವಿನ ಆಚೆ ಮರದಡಿ ನಿಲ್ಲಿಸಿ, ಕಪ್ಪು ಕನ್ನಡಕ ಹಾಕಿಕೊಂಡು, ಯಾರನ್ನೂ ನೋಡದೆ ಬಂದು ಫ್ಲಾಸ್ಕ್ ಇಟ್ಟು ಹೋದಳು. ಕಿಟಕಿ ತೆರೆದಾಗ ಬಂದು ಚೀಲ ಎತ್ತಿಕೊಂಡು ಡಿಕ್ಕಿಯಲ್ಲಿಟ್ಟು ಭರ್ರ್ ಎಂದು ಹೋದಳು. ಕಾರುಬಾರು ಅಂದರೆ ಇದು. ನಾವು ಸರ್ಕಾರದ ಕಾರುಣ್ಯಕ್ಕೆ ಕಾಲು ನೋಯಿಸಿಕೊಂಡು ಬರುತ್ತೇವೆ. ಇವಳ ಕಾರುಣ್ಯದಲ್ಲಿ ಮೊದಲೇ ಕಾರು ಇದೆ.

ಕಾರಮ್ಮ ಎಂದು ಹೆಸರಿಟ್ಟೆ. ಚೀಟಿಯಲ್ಲಿ ಬರೆದು ತೋರಿಸಿದೆ. ಛತ್ರಿಯವನು ಬಿದ್ದು ಬಿದ್ದು ನಕ್ಕ. "ಮೂಗಕ್ಕಾ, ನೀನು ಮಾತಾಡೋಳಾಗಿದ್ರೆ ಊರು ಸುಡ್ತಿದ್ದೆ." ಬಹಳ ದಿನದ ಮೇಲೆ ಒಬ್ಬ ಪ್ರೇಕ್ಷಕ ಸಿಕ್ಕಿದ್ದಾನೆ.

ಫೆಬ್ರವರಿ 16, ಭಾನುವಾರ

ಅತ್ತೆಗೆ ಇತ್ತೀಚೆಗೆ ಹಸಿವೇ ಆಗುವುದಿಲ್ಲವಂತೆ. ನನಗೂ ಆಗುವುದಿಲ್ಲ ಎಂದು ಬರೆದು ತೋರಿಸಿದೆ. ಮಗಳು ಓದಿ, "ಹಂಗಾದ್ರೆ ಎಲ್ಲಾ ನಂಗೇನಾ?" ಎಂದಳು. ನಮ್ಮ ಮನೆಯಲ್ಲಿ ಹಸಿವಿಲ್ಲದ ಹೆಂಗಸರು ಇಬ್ಬರು. ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ಅನ್ನ ವರ್ಗಾವಣೆಯಾಗುತ್ತಲೇ ಇರುತ್ತದೆ, ಸರ್ಕಾರಿ ನೌಕರನ ಹಾಗೆ.

ಫೆಬ್ರವರಿ 20, ಗುರುವಾರ

ಬಿಸಿಲು. ಚೀಲಗಳು ಕಡಿಮೆ ಬಂದಿದ್ದವು. ಕೊನೆಯಲ್ಲಿ ನಿಂತ ನಾಲ್ಕೈದು ಜನ ಬರಿಗೈಯಲ್ಲಿ ಹೋದರು. ಅದರಲ್ಲಿ ಒಂಟಿ ಚಪ್ಪಲಿಯ ಮುದುಕನೂ ಒಬ್ಬ. ಅವನ ಇನ್ನೊಂದು ಚಪ್ಪಲಿ ಎಲ್ಲಿ ಎಂದು ನಾನು ಯೋಚಿಸುತ್ತಿದ್ದೆ. ಕಾಲಲ್ಲೇ ಇತ್ತು. ಸಾಲಿನಲ್ಲಿ ಇಟ್ಟಷ್ಟು ಹೊತ್ತು ಒಂದು ಕಾಲು ಬರಿದು.

ಅದೇ ಸಾಲಿನಲ್ಲಿ ಕಾರಮ್ಮ ಮೂರನೆಯವಳಾಗಿ ಚೀಲ ಎತ್ತಿಕೊಂಡು ಹೋಗಿದ್ದಳು. ಬೆರಳಲ್ಲಿ ಉಂಗುರ ಬೇರೆ.

ಛತ್ರಿಯವನು ಹಲ್ಲು ಕಡಿದ. "ಪೆಟ್ರೋಲಿಗೆ ದುಡ್ಡಿದೆ, ಅಕ್ಕಿಗಿಲ್ಲ! ನೋಡ್ತಾ ಕೂತಿದೀಯಲ್ಲ ಮೂಗಕ್ಕಾ, ಸಾಲು ಕಾಯೋದು ಅಂದ್ರೆ ಬರೀ ಇಟ್ಟಿಗೆ ಕಾಯೋದಾ?"

ಇಟ್ಟಿಗೆ ಅಕ್ಕ ಕೇಳಿಸಿಕೊಂಡರೂ ಏನೂ ಅನ್ನಲಿಲ್ಲ. ಅವಳು ಹಾಗೇ. ಇಟ್ಟಿಗೆಯೇ ಅವಳ ಪ್ರತಿನಿಧಿಯೋ ಅವಳೇ ಇಟ್ಟಿಗೆಯ ಪ್ರತಿನಿಧಿಯೋ ಒಮ್ಮೊಮ್ಮೆ ತಿಳಿಯುವುದಿಲ್ಲ.

ಫೆಬ್ರವರಿ 27, ಗುರುವಾರ

ಇವತ್ತಿನದು ದೊಡ್ಡ ಪ್ರಹಸನ.

ಯಾರೋ ದೊಡ್ಡವರು ಆ ರಸ್ತೆಯಲ್ಲಿ ಹಾದುಹೋಗುವವರಿದ್ದರಂತೆ. ಬೆಳಿಗ್ಗೆ ರಸ್ತೆ ತೊಳೆಯುವ ನೀರಿನ ಲಾರಿ ಬಂತು. ಪೈಪು ಹಿಡಿದವನು, "ಎತ್ತಮ್ಮ ನಿಮ್ಮ ವಸ್ತುಪ್ರದರ್ಶನ!" ಎಂದು ಕೂಗಿದ. ಎಲ್ಲವನ್ನೂ ತಬ್ಬಿಕೊಂಡು ಮೆಟ್ಟಿಲ ಮೇಲೆ ಗುಡ್ಡೆ ಹಾಕಿದೆ. ಇಟ್ಟಿಗೆ ಭಾರ, ಗಡಿಯಾರ ಭಾರ. ಫ್ಲಾಸ್ಕು ಮಾತ್ರ ಹಗುರ. ಒಳಗೆ ಏನೂ ಇರಲಿಲ್ಲ. ಲಾರಿ ಹೋದ ಮೇಲೆ ಮತ್ತೆ ಸಾಲು ಜೋಡಿಸಿದೆ. ಒಂದು ಸಭೆಯಷ್ಟು ಗಣ್ಯರ ಹೆಸರು, ಹುದ್ದೆ, ಯಾರಾದ ಮೇಲೆ ಯಾರು ಎಂಬುದನ್ನು ಚೀಟಿಯಿಲ್ಲದೆ ಒಪ್ಪಿಸುವವಳಿಗೆ ಇದೇನು ಮಹಾ? ಇಟ್ಟಿಗೆ, ಛತ್ರಿ, ಎಣ್ಣೆ ಡಬ್ಬಿ, ಚಪ್ಪಲಿ, ಗಡಿಯಾರ, ನನ್ನ ಸ್ಮರಣಿಕೆ, ಒಂದೂ ತಪ್ಪಲಿಲ್ಲ. ಆ ಗಡಿಬಿಡಿಯಲ್ಲಿ ಫ್ಲಾಸ್ಕು ಕೊನೆಗೆ ಹೋಯಿತು.

ಛತ್ರಿಯವನು ನೋಡಿ ಕಣ್ಣು ಮಿಟುಕಿಸಿದ.

ಕಾರಮ್ಮ ಬಂದು ಮೂರನೇ ಜಾಗ ನೋಡಿದಳು. ಎಣ್ಣೆ ಡಬ್ಬಿ. ಸಾಲಿನ ಉದ್ದಕ್ಕೂ ನಡೆಯುತ್ತ ಹೋಗಿ ಕೊನೆಯಲ್ಲಿ ತನ್ನ ಫ್ಲಾಸ್ಕು ಕಂಡು ನಿಂತಳು. ನನ್ನ ಕಡೆ ತಿರುಗಿ ಬಾಯಿ ತೆರೆದಳು. ಮೂಗಿಯ ಹತ್ತಿರ ಏನು ವಾದ ಎನಿಸಿತೇನೋ, ಮುಚ್ಚಿಕೊಂಡಳು. ಹೋಗಿ ಕೊನೆಯಲ್ಲಿ ನಿಂತಳು.

ಅವಳಿಗಿಂತ ಎಷ್ಟೋ ಮೊದಲೇ ಚೀಲ ಮುಗಿಯಿತು. ಟಿಕೆಟ್‌ರಾಯ ಕಿಟಕಿ ಎಳೆಯುವಾಗ ಓಡಿಬಂದು ಕೇಳಿದಳು. ಆ ದನಿಯನ್ನು ಮೊದಲ ಬಾರಿ ಕೇಳಿದ್ದು. ತಗ್ಗಿದ, ಓದಿದವರ ದನಿ. "ಹಾಲಿನ ಪುಡಿ ಒಂದಾದ್ರೂ ಇದ್ರೆ ಕೊಡಿ. ಬೇರೆ ಏನೂ ಬೇಡ."

"ಕಾರಲ್ಲಿ ಬರ್ತೀರಲ್ಲ ಮೇಡಂ, ಒಂಚೂರು ಬೇಗ ಬರಬಾರದಾ?" ಎಂದ ಟಿಕೆಟ್‌ರಾಯ.

ಇಡೀ ಸಾಲು ಗೊಳ್ಳೆಂದಿತು. ನಾನೂ ನಕ್ಕೆ, ಸದ್ದಿಲ್ಲದೆ. ಅವಳು ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಹೋದಳು. ನನ್ನ ಇಷ್ಟು ವರ್ಷದ ಕಾರ್ಯಕ್ರಮಗಳಲ್ಲಿ ಒಂದೂ ಮಾತಾಡದೆ ಗಿಟ್ಟಿಸಿದ ನಗು ಇದೊಂದೇ.

ಫೆಬ್ರವರಿ 28, ಶುಕ್ರವಾರ

'ಕೊನೆಗೆ ಹೋಯಿತು' ಎಂದು ಬರೆದಿದ್ದೇನೆ. ಹೌದು, ಹೋಯಿತು. ನೀರು, ಲಾರಿ, ಗದ್ದಲ. ಆಗುತ್ತದೆ.

ಮಾರ್ಚ್ 6, ಗುರುವಾರ

ಫ್ಲಾಸ್ಕು ಬರಲಿಲ್ಲ.

ಒಳ್ಳೆಯದೇ ಆಯಿತು ಎಂದ ಛತ್ರಿಯವನು. "ನಾಚಿಕೆ ಆಗಿರ್ಬೇಕು. ಈಗ ನೋಡು, ನಿಜವಾಗ್ಲೂ ಬೇಕಾದೋರಿಗೆ ಸಿಗುತ್ತೆ." ನಿಜ. ಚಪ್ಪಲಿಯ ಮುದುಕನಿಗೆ ಸಿಕ್ಕಿತು. ನನಗೂ ಸಿಕ್ಕಿತು. ಮನೆಗೆ ಬಂದು ಮಗಳಿಗೆ ಹಾಲಿನ ಪುಡಿ ಕದಡಿ ಕೊಟ್ಟೆ. ಗಂಟು ಗಂಟಾಯಿತು, ಸರಿಯಾಗಿ ಕರಗಲಿಲ್ಲ. ಮಗಳು ಮೀಸೆ ಬರೆದುಕೊಂಡು ಕುಡಿದಳು. ನಾನು ಲೋಟ ತೊಳೆದೆ.

ಇವತ್ತು ಏನೂ ತಮಾಷೆಯಾಗಲಿಲ್ಲ.

ಮಾರ್ಚ್ 9, ಭಾನುವಾರ

ಬಟ್ಟೆ ಒಗೆಯುವಾಗಲೂ ಅದೇ ಯೋಚನೆ. ಉಂಗುರವಿದ್ದವಳಿಗೆ ಹಾಲಿನ ಪುಡಿ ಯಾಕೆ? ಕಾರು ಇದ್ದರೆ ಮಾರಬಹುದಲ್ಲ? ಬಹುಶಃ ಕಾರು ಆಕೆಯದಲ್ಲ, ಧಣಿಗಳದು, ಆಕೆ ಓಡಿಸುವವಳು. ಅಥವಾ ಗಂಡ ಹಾಸಿಗೆ ಹಿಡಿದಿದ್ದಾನೆ, ಆಸ್ಪತ್ರೆಗೆ ಓಡಾಡಲು ಕಾರು ಬೇಕು. ಅಥವಾ ಮನೆ ಹೋಗಿ ಕಾರೊಂದೇ ಉಳಿದಿದೆ, ಅದರಲ್ಲೇ ಮಲಗುತ್ತಾಳೆ. ಕಪ್ಪು ಕನ್ನಡಕದ ಹಿಂದೆ ಕಣ್ಣು ಊದಿಕೊಂಡಿರಬಹುದು, ಯಾರಾದರೂ ಹೊಡೆದು.

ಅತ್ತೆಗೆ ಎಲ್ಲವನ್ನೂ ಬರೆದು ತೋರಿಸಿದೆ. ಮಗಳು ಓದಿದಳು. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ, "ಯಾವುದಾದ್ರೆ ನಿನಗೆ ಒಪ್ಪಿಗೆ?" ಎಂದರು.

ಚೀಟಿ ಮಡಿಸಿಟ್ಟೆ. ದರ್ಜಿಯ ಹಾಗೆ ಕೂತು ಆಕೆಗೆ ಕಾರಣ ಹೊಲಿಯುತ್ತಿದ್ದೇನೆ, ಅಳತೆ ಮಾತ್ರ ನನ್ನದೇ.

ಫ್ಲಾಸ್ಕನ್ನು ಕೊನೆಗೆ ನಾನು ಇಟ್ಟೆ.

ಮಾರ್ಚ್ 13, ಗುರುವಾರ

ಇವತ್ತೂ ಇಲ್ಲ. ತಿರುವಿನ ಆಚೆ ಹೋಗಿ ನೋಡಿಬಂದೆ. ಮರದಡಿ ಕಾರು ನಿಲ್ಲುತ್ತಿದ್ದ ಕಡೆ ಒಂದು ಎಣ್ಣೆಯ ಕಲೆ. ಅದರ ಸುತ್ತ ಉದುರಿದ ಎಲೆ.

ಹಿಂದಿರುಗಿ ಇಟ್ಟಿಗೆ ಅಕ್ಕನಿಗೆ ಚೀಟಿ ಕೊಟ್ಟೆ: "ಕಾರಿನಲ್ಲಿ ಬರುತ್ತಿದ್ದವರು ಯಾರು? ಮನೆ ಎಲ್ಲಿ?"

ಅವಳು ಚೀಟಿಯನ್ನು ದೂರ ಹಿಡಿದು ಓದಿದಳು. "ಗೊತ್ತಿಲ್ಲ."

"ಯಾಕೆ ಬರುತ್ತಿದ್ದರು?"

"ಅಕ್ಕಿಗೆ."

ನಾನು ಮತ್ತೊಂದು ಚೀಟಿ ಬರೆಯತೊಡಗಿದೆ. ಅವಳಿಗೆ ರೇಗಿತು.

"ಏನೇ ನಿಂದು? ನಾನು ಬರೋಕೆ ಮುಂಚಿಂದ ಬರ್ತಿದ್ರು ಅವ್ರು. ಒಂದಿನ ಕೇಳಿಲ್ಲ. ನೀನು ಬಂದಾಗ ಮೈಮೇಲೆ ಜರಿ ಮಿಂಚ್ತಿತ್ತು. ಕೇಳಿದ್ನಾ? ಕೇಳಿದ್ರೆ ನಾಳೆ ಇನ್ನೊಬ್ರು ನನ್ನ ಕೇಳ್ತಾರೆ. ನಂಗೆ ಹೇಳೋಕಿಷ್ಟ ಇಲ್ಲ. ಚೀಟಿ ಹಾಳು ಮಾಡ್ಬೇಡ, ಹೋಗಿ ಸಾಲು ನೋಡು."

ಹೋಗಿ ಸಾಲು ನೋಡಿದೆ. ಇಟ್ಟಿಗೆ, ಛತ್ರಿ, ಎಣ್ಣೆ ಡಬ್ಬಿ. ಛತ್ರಿಗೂ ಡಬ್ಬಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದೆ. ಯಾರೂ ಗಮನಿಸಲಿಲ್ಲ.

ಮಾರ್ಚ್ 20, ಗುರುವಾರ

ಚೀಲಗಳು ಇನ್ನೂ ಕಡಿಮೆ. ಹಾಲಿನ ಪುಡಿ ನಿಲ್ಲಿಸಿದ್ದಾರಂತೆ. "ಮೇಲಿಂದಲೇ ಬಂದಿಲ್ಲ" ಎಂದ ಟಿಕೆಟ್‌ರಾಯ. ಅವನ ಹೆಸರು ಏನೋ, ಕೇಳಿಲ್ಲ. ಸಿಗದವರ ಬೈಗುಳವನ್ನೆಲ್ಲ ಆ ಕಿಟಕಿಯಷ್ಟಗಲದಲ್ಲಿ ಕೂತು ತಿನ್ನುತ್ತಾನೆ.

ರಸ್ತೆಯ ಆಚೆ ಇಬ್ಬರು ಹುಡುಗಿಯರು ನಿಂತು ಮೊಬೈಲಿನಲ್ಲಿ ನಮ್ಮನ್ನು ಸೆರೆ ಹಿಡಿಯುತ್ತಿದ್ದರು. "ಆ ಜರಿ ಆಂಟಿನ ನೋಡೇ, ಪಾರ್ಟಿಗೆ ಬಂದಂಗೆ ಬಂದಿದಾಳೆ. ಬಿಟ್ಟಿ ಪಾರ್ಟಿ!" ಒಳ್ಳೆಯ ಜೋಕು. ನಾನು ಹೇಳಿದ್ದರೆ 'ಜರಿ' ಮತ್ತು 'ಜರೆ' ಎರಡನ್ನೂ ಸೇರಿಸಿ ಇನ್ನೊಂದು ಸುತ್ತು ತಿರುಗಿಸುತ್ತಿದ್ದೆ. ಮುಖ ಮರೆ ಮಾಡಿಕೊಳ್ಳಲು ಕೈಚೀಲ ಎತ್ತಿದೆ. ಒಂದು ಕಪ್ಪು ಕನ್ನಡಕ ಇದ್ದಿದ್ದರೆ ಎನಿಸಿತು.

ಮಾರ್ಚ್ 24, ಸೋಮವಾರ

ಅತ್ತೆ ಬಾವಿಕಟ್ಟೆಯ ಹತ್ತಿರ ತಲೆ ಸುತ್ತಿ ಕೂತುಬಿಟ್ಟರು. ಎಬ್ಬಿಸಿದರೆ, "ಬಿಸಿಲು ಕಣೇ" ಎಂದರು. ಮೋಡವಿತ್ತು.

ಮಾರ್ಚ್ 31, ಸೋಮವಾರ

ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿದರು. "ವಾಸಿಯಾಗಿದೆ. ಇನ್ನು ಒಂದೊಂದೇ ಮಾತು ಶುರು ಮಾಡಿ. ಕಿರುಚಬೇಡಿ. ಮೈಕು ಇನ್ನೂ ಮೂರು ತಿಂಗಳು ಬೇಡ."

ಅಲ್ಲೇ ಮಾತಾಡಿ ನೋಡಿ ಎಂದರು. ಬೇಡವೆಂದು ತಲೆಯಾಡಿಸಿದೆ. ಬಾಯಿ ತೆರೆದರೆ ಏನು ಬರುತ್ತದೋ ಎಂಬ ಹೆದರಿಕೆ. ಚೆನ್ನಾಗಿಲ್ಲದಿದ್ದರೆ? ಮನೆಗೆ ಬಂದರೂ ಆಡಲಿಲ್ಲ. ಮಗಳು ಮಲಗುವಾಗ, "ಅಮ್ಮಾ, ನನ್ನ ಹೆಸರು ಕರಿ" ಎಂದಳು. ನಾಳೆ ಎಂದು ಬರೆದು ತೋರಿಸಿದೆ. ಮಗಳು ಅದನ್ನು ಗಟ್ಟಿಯಾಗಿ ಓದಿಕೊಂಡು ಮಲಗಿದಳು.

ಏಪ್ರಿಲ್ 3, ಗುರುವಾರ

ಇವತ್ತಿನದನ್ನು ಆದಷ್ಟು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಒಬ್ಬರು ಹೊಸಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಟೈ, ಪಾಲಿಶ್ ಮಾಡಿದ ಬೂಟು. ಸಾಲಿನ ರೀತಿ ಯಾರೋ ಹೇಳಿಕೊಟ್ಟಿರಬೇಕು. ಇಟ್ಟಿಗೆ, ಛತ್ರಿ ಆಗಲೇ ಬಂದಿದ್ದವು. ಅವುಗಳ ಹಿಂದೆ ಒಂದು ಗೇಣು ಜಾಗ ಬಿಡಿ ಎಂದು ನಾನು ಸನ್ನೆ ಮಾಡಿದೆ. ಅದರ ಹಿಂದೆ ತಮ್ಮ ಆಫೀಸು ಬ್ಯಾಗು ಇಟ್ಟರು. ಮುಖಕ್ಕೆ ಕರವಸ್ತ್ರ ಹಿಡಿದುಕೊಂಡು ಬೇಗ ಬೇಗ ಹೋದರು. ಆಮೇಲೆ ಡಬ್ಬಿ, ಗಡಿಯಾರ, ಚಪ್ಪಲಿ ಎಲ್ಲ ಬಂದವು. ನನ್ನ ಸ್ಮರಣಿಕೆಯನ್ನೂ ಬೋರಲು ಇಟ್ಟೆ.

ಕಿಟಕಿ ತೆರೆಯುವ ಹೊತ್ತಾಯಿತು. ಜನ ಬಂದು ನಿಂತರು. ಚೀಲಗಳ ಗುಡ್ಡೆ ನೋಡಿದರೆ ಎಲ್ಲರಿಗೂ ಸಾಲದೆಂದು ಗೊತ್ತಾಗುತ್ತಿತ್ತು. ಬ್ಯಾಗಿನವರು ಇನ್ನೂ ಬಂದಿರಲಿಲ್ಲ.

ಛತ್ರಿಯವನು ಬ್ಯಾಗನ್ನು ಕಾಲ ತುದಿಯಿಂದ ಮುಟ್ಟಿದ. "ಟೈ ಕಟ್ಕೊಂಡು ಬಂದಿದಾನೆ ರೀ! ನಾಳೆ ವಿಮಾನದಲ್ಲಿ ಬರ್ತಾರೆ. ಮೂಗಕ್ಕಾ, ಇದು ಕೊನೆಗೆ ಹೋಗ್ಲಿ. ಆವತ್ತಿನ ಹಾಗೆ."

ಆವತ್ತಿನ ಹಾಗೆ.

ನಾನು ಅಲ್ಲಾಡಲಿಲ್ಲ. ಅವನೇ ಬ್ಯಾಗು ಎತ್ತಿಕೊಂಡು ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಯಾರಪ್ಪಾ, ಇಲ್ಲಿ ಜನ ಇದ್ದಾರಾ?"

ಎಣ್ಣೆ ಡಬ್ಬಿಯವಳು ನೆಲ ನೋಡಿದಳು. ಚಪ್ಪಲಿಯ ಮುದುಕ ಬೇರೆ ಕಡೆ ನೋಡಿದ. ಒಬ್ಬರು ಹಿಂದಕ್ಕೆ ಹೋದರೆ ಎಲ್ಲರೂ ಒಂದು ಹೆಜ್ಜೆ ಮುಂದೆ. ಇಟ್ಟಿಗೆ ಅಕ್ಕ ಕಿಟಕಿಯ ಹತ್ತಿರ, ನಾನು ಟಿಕೆಟ್‌ರಾಯ ಎನ್ನುತ್ತಿದ್ದ ಗುಮಾಸ್ತರ ಜೊತೆ ಏನೋ ಮಾತಾಡುತ್ತಿದ್ದಳು.

"ಇದ್ದಾರೆ."

ಯಾರು ಹೇಳಿದ್ದು ಎಂದು ನಾನೂ ಒಂದು ಗಳಿಗೆ ಹುಡುಕಿದೆ. ತುಕ್ಕು ಹಿಡಿದ ಗೇಟು ಎಳೆದ ಹಾಗಿತ್ತು. ನನ್ನದೇ.

"ಇದ್ದಾರೆ. ಬ್ಯಾಗು ಅಲ್ಲೇ ಇಡಿ."

ಛತ್ರಿಯವನು ಬ್ಯಾಗು ಕೆಳಗಿಟ್ಟ. ಗಾಬರಿಯಿಂದ ಇಟ್ಟಿರಬೇಕು. ಆಮೇಲೆ ಮುಖ ಕೆಂಪಾಯಿತು. "ಮೂಗಿ ಮಾತಾಡಿದ್ಲು! ಕೇಳಿದ್ರಾ? ಇಷ್ಟು ದಿನ ನಮ್ಮ ಮುಂದೆ ನಾಟಕ!"

"ಅಯ್ಯೋ, ಪಾಪ ಅಂತ ಮೆಟ್ಟಿಲ ನೆರಳು ಬಿಟ್ಟುಕೊಟ್ಟಿದ್ವಲ್ಲೇ ನಿಂಗೆ" ಎಂದಳು ಡಬ್ಬಿಯವಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮೋಸಹೋದವರ ಅಳು ಇತ್ತು.

ಛತ್ರಿಯವನು ನನ್ನ ಸ್ಮರಣಿಕೆ ಎತ್ತಿ ಮಗುಚಿದ. ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. "ಅತ್ಯುತ್ತಮ... ನಿರೂಪಕಿ. ನೋಡ್ರಪ್ಪಾ, ಮಾತಿಗೇ ಬಹುಮಾನ ತಗೊಂಡೋಳು! ಬಟ್ಟೆ ನೋಡಿದಾಗ್ಲೇ ಅಂದ್ಕೊಂಡೆ. ಏನಮ್ಮಾ, ನಿನಗೆ ಯಾಕಮ್ಮಾ ಈ ಚೀಲ? ಹೇಳು. ಈಗ ಬಾಯಿದೆಯಲ್ಲ, ಹೇಳು!"

ಕೈಚೀಲದಲ್ಲಿ ಡಾಕ್ಟರ ಚೀಟಿ ಇತ್ತು. ಎರಡು ಸಲ ಕೊಯ್ದದ್ದು, ತಾರೀಕು, ಸಹಿ, ಮೊಹರು ಎಲ್ಲ ಅದರಲ್ಲಿತ್ತು. ಕೈ ಅದರ ಮೇಲೆಯೇ ಇತ್ತು. ತೆಗೆಯಲಿಲ್ಲ. ಯಾಕೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ತೆಗೆದಿದ್ದರೆ ಬ್ಯಾಗಿನವರೂ ಬಂದು ಏನಾದರೂ ತೆಗೆಯಬೇಕಾಗುತ್ತಿತ್ತು.

ಅವನು ಸ್ಮರಣಿಕೆಯನ್ನು ಹಿಡಿದುಕೊಂಡು ಸಾಲಿನ ಉದ್ದಕ್ಕೂ ನಡೆದು ಕೊನೆಯಲ್ಲಿ ಇಟ್ಟ. ಮುಖ ಮೇಲೆ ಮಾಡಿ. ಇಟ್ಟಿಗೆ ಅಕ್ಕ ಅಷ್ಟು ಹೊತ್ತಿಗೆ ಬಂದಿದ್ದಳು. ನನ್ನನ್ನು ಬಹಳ ಹೊತ್ತು ನೋಡಿದಳು. ನನ್ನನ್ನು ಏನೂ ಕೇಳಲಿಲ್ಲ. ಅವನನ್ನು ತಡೆಯಲೂ ಇಲ್ಲ. ಸಾಲು ಕಾಯಲು ಡಬ್ಬಿಯವಳನ್ನು ಕೂರಿಸಿದಳು.

ನಾನು ಹೋಗಿ ಕೊನೆಯಲ್ಲಿ ನಿಂತೆ. ಫ್ಲಾಸ್ಕು ಇದ್ದದ್ದೂ ಅಲ್ಲೇ. ಅಲ್ಲಿಂದ ನೋಡಿದರೆ ಕಿಟಕಿ ಬಹಳ ಚಿಕ್ಕದಾಗಿ ಕಾಣುತ್ತದೆ, ಚೀಲಗಳು ಕಾಣುವುದೇ ಇಲ್ಲ. ಇಷ್ಟು ದಿನ ಮೆಟ್ಟಿಲ ಮೇಲೆ ಕೂತವಳಿಗೆ ಇದು ಗೊತ್ತಿರಲಿಲ್ಲ.

ಬ್ಯಾಗಿನವರು ಓಡುತ್ತ ಬಂದರು. ತಮ್ಮ ಬ್ಯಾಗು ಇಟ್ಟಲ್ಲೇ ಇದ್ದದ್ದು ನೋಡಿ ಅದರ ಹಿಂದೆ ನಿಂತರು. ಇಲ್ಲಿ ಏನು ನಡೆಯಿತೆಂದು ಅವರಿಗೆ ಯಾರೂ ಹೇಳಲಿಲ್ಲ. ಸರದಿ ಬಂದಾಗ ಚೀಲ ತೆಗೆದುಕೊಂಡು, ಅಲ್ಲೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ವಸ್ತುವನ್ನು ಆಫೀಸು ಬ್ಯಾಗಿಗೆ ತುಂಬಿಕೊಂಡರು. ಖಾಲಿ ಚೀಲವನ್ನು ಮಡಿಸಿ ಜೇಬಿಗಿಟ್ಟರು. ಟೈ ಸರಿಮಾಡಿಕೊಂಡು, ನನ್ನ ಪಕ್ಕದಲ್ಲೇ ಹಾದು, ಯಾರನ್ನೂ ನೋಡದೆ ಹೋದರು.

ನನಗಿಂತ ನಾಲ್ಕು ಜನ ಮುಂಚೆ 'ಮುಗೀತು' ಎಂದು ಕಿಟಕಿ ಎಳೆದರು.

ಸ್ಮರಣಿಕೆ ಎತ್ತಿಕೊಂಡು ತಿರುವಿನ ಆಚೆಯಿಂದ ಸುತ್ತಿಕೊಂಡು ಬಂದೆ. ಆ ದಾರಿ ದೂರ. ಮರದಡಿ ಬೇರೆ ಯಾವುದೋ ಗಾಡಿ ನಿಂತಿತ್ತು. ಕೆಂಪು ಬಣ್ಣದ್ದು.

ಮನೆ ಬಾಗಿಲಲ್ಲಿ ಅತ್ತೆ ಕೂತಿದ್ದರು. ನನ್ನ ಕೈ ನೋಡಿದರು, ಮುಖ ನೋಡಿದರು.

"ಖಾಲಿಯೇನೇ?"

"ಖಾಲಿ, ಅತ್ತೆ."

ಅವರು ಬಾಗಿಲು ಹಿಡಿದುಕೊಂಡು ಎದ್ದೇಬಿಟ್ಟರು. "ಬಂತಾ! ಬಂತೇನೇ ಬಾಯಿ! ಲೇ ಪುಟ್ಟೀ, ಬಾರೇ ಇಲ್ಲಿ, ನಿಮ್ಮಮ್ಮ ಮಾತಾಡಿದ್ಲು!" ಮಗಳು ಇನ್ನೂ ಶಾಲೆಯಿಂದ ಬಂದಿರಲಿಲ್ಲ. ಅದು ನೆನಪಾಗಿ ಮತ್ತೆ ಕೂತರು. ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. "ಕಾಗೆ ಕೂಗಿದಂಗಿದೆ. ಇರ್ಲಿ, ನಿನಗೆ ಮುಂಚೇನೂ ಕೋಗಿಲೆ ಕಂಠ ಇರ್ಲಿಲ್ಲ. ಮೊದಲ ಮಾತು ನನ್ನ ಹತ್ರಾನೇ ಆಡಿದ್ಯಾ?"

"ಇಲ್ಲ. ಅಲ್ಲೇ ಸಾಲಿನಲ್ಲಿ ಆಡಿದೆ."

"ಏನಂದೆ?"

"ಇದ್ದಾರೆ ಅಂದೆ."

"ಯಾರು?"

"ಗೊತ್ತಿಲ್ಲ, ಅತ್ತೆ."

ಅತ್ತೆ ಇನ್ನೇನೂ ಕೇಳಲಿಲ್ಲ. ಎದ್ದು ಒಳಗೆ ಹೋದರು. ಎಷ್ಟು ಉಳಿದಿದೆಯೆಂದು ಹಾಲಿನ ಪುಡಿಯ ಡಬ್ಬಿಯನ್ನು ಅಲ್ಲಾಡಿಸುವುದು ಬಾಗಿಲ ತನಕ ಕೇಳಿಸಿತು.